ಸೈಟ್ ಉಳಿಸಿದ್ರೂ ಗ್ಯಾಲರಿ ಖಾಲಿ ಬರ್ತಿತ್ತು, ಹಿಂಗ ಸರಿಹೋತು

ಬೆಳಗಾವಿ ಕಡೆ ಮಾಜಿ ದೇವದಾಸಿಯರ ಸಂಘಟನೆಯೊಂದರ ಹಳೇ ವೆಬ್‌ಸೈಟ್, ಡೊಮೈನ್ (ಸೈಟ್ ವಿಳಾಸ) ಅವಧಿ ಮುಗಿಯಾಕ ಹತ್ತು ದಿನ ಉಳಿದಿತ್ತು. 1982ರ ನಿಷೇಧ ಕಾಯ್ದೆ ಬಂದಮ್ಯಾಲಿನ ಹೋರಾಟದ ಫೋಟೋ, ಕರಪತ್ರ ಎಲ್ಲಾ ಅಲ್ಲೇ ಇದ್ವು. ಕಾಪಿ ಮಾಡಿ ತೆಗೆದ್ರ ಬರಹ ಕಾಣ್ತಿತ್ತು, ಫೋಟೋ ಜಾಗದಾಗ ಬರೇ ಬೂದು ಚೌಕ.

ಕಂಟ್ರೋಲ್ ಎಸ್ ಒತ್ತಿ ಸೇವ್ ಮಾಡ್ದೆ, ಆಗ್ಲಿಲ್ಲ. ಆನ್‌ಲೈನ್ ಆರ್ಕೈವ್‌ಗೆ ಲಿಂಕ್ ಕೊಟ್ಟೆ, ಮೊದಲ ಪುಟ ಅಷ್ಟ ಉಳೀತು. ಸೈಟ್ ಕಾಪಿ ಮಾಡೋ ಸಾಫ್ಟ್‌ವೇರ್ ರಾತ್ರಿಯೆಲ್ಲಾ ಓಡಿಸ್ದೆ, ಅದೂ ಅಷ್ಟ. ಕಾರಣ ಏನಂದ್ರ ಫೋಟೋಗಳು ಜಾವಾಸ್ಕ್ರಿಪ್ಟ್‌ನಿಂದ (ಪುಟದೊಳಗ ಓಡೋ ಕೋಡ್), ಕೆಳಗ ಸ್ಕ್ರೋಲ್ ಮಾಡಿದಾಗ ಅಷ್ಟ ಲೋಡ್ ಆಗ್ತಾವ.

ಕೆಲಸಕ್ಕ ಬಂದದ್ದು ಕ್ರೋಮ್‌ನ ಆರ್ಕೈವ್‌ವೆಬ್.ಪೇಜ್ ಎಕ್ಸ್‌ಟೆನ್ಶನ್, ನಾವು ತೆಗೆದು ನೋಡಿದ ಪುಟ ಹಂಗಂಗ ಉಳಿಸ್ತದ, ಫ್ರೀ ಐತಿ. ಮೊದಲು ಹೊಸ ಆರ್ಕೈವ್ ಮಾಡಿ ಹೆಸರು ಕೊಡ್ರಿ, ಆಮೇಲೆ ಸೈಟ್ ಟ್ಯಾಬ್‌ನಾಗ ಐಕಾನ್ ಒತ್ತಿ ಸ್ಟಾರ್ಟ್ ಮಾಡಿ ಆಟೋಪೈಲಟ್ ಹಚ್ರಿ, ಅದು ತಾನ ಸ್ಕ್ರೋಲ್ ಮಾಡ್ತದ, ಆದ್ರ "ಇನ್ನಷ್ಟು" ಬಟನ್ ನಾನ ಒತ್ತಬೇಕಾತು, ಪ್ರತಿ ಫೋಟೋನೂ ಒಮ್ಮೆ ದೊಡ್ಡದು ಮಾಡಿ ನೋಡ್ದೆ, ಇಲ್ಲಾಂದ್ರ ಸಣ್ಣದ ಉಳೀತದ, ಟ್ರ್ಯಾಕ್ಟರ್ ಟ್ರೇಲರ್‌ನಾಗ ಕುಂತ ಹೆಣ್ಮಕ್ಕಳ ಕೈಯಾನ ಬ್ಯಾನರ್ ಬರಹ ಸಣ್ಣದರಾಗ ಓದಾಕ ಬರಂಗಿಲ್ಲ. ಬಾಕಿ ಲೋಡ್ ಸೊನ್ನೆ ಆಗೋತನಕ ಮುಂದಿನ ಪುಟಕ್ಕ ಹೋಗಬ್ಯಾಡ್ರಿ, ನಾ ಎಡವಿದ್ದು ಇಲ್ಲೇ.

ಮುಗದಮ್ಯಾಲ ಸ್ಟಾಪ್ ಮಾಡಿ ಡಬ್ಲ್ಯೂಎಸಿಝಡ್ ಫೈಲ್ (ಉಳಿಸಿದ ಪುಟ ಎಲ್ಲಾ ಒಂದರಾಗ ಇರೋದು) ಇಳಿಸಿ, ಅದನ್ನ ತೋರಿಸೋ ರೀಪ್ಲೇವೆಬ್.ಪೇಜ್ ಸೈಟ್‌ನಾಗ ತೆಗೆದು, ಆಮೇಲೆ ವೈಫೈ ಬಂದ್ ಮಾಡಿ ಪುಟ ತಿರುವಿ ನೋಡ್ರಿ. ನೆಟ್ ಇಲ್ದ ಗ್ಯಾಲರಿ ಕಂಡ್ರ ಫೈಲ್ ಪೂರಾ ಐತಿ ಅಂತ ಲೆಕ್ಕ. ಪಿಡಿಎಫ್ ಕರಪತ್ರ ಬ್ಯಾರೇನ ಡೌನ್‌ಲೋಡ್ ಮಾಡ್ಕೊಂಡೆ, ಹಳೇ ನುಡಿ ಫಾಂಟ್‌ನವು, ಯೂನಿಕೋಡ್‌ಗೆ ಬದಲಿಸಿದ ಮ್ಯಾಲ ಹುಡುಕಿದ್ರ ಸಿಗಾಕತ್ತಾವ.