ಕಂದು ಹಾಕಿಸಿದ್ದು ಯಾವ ಬ್ರುಸೆಲ್ಲಾ? ನಾನು ಪತ್ತೆ ಮಾಡಿದ್ದು ಹೀಗೆ

ಹಸು ಏಳನೇ ತಿಂಗಳಲ್ಲಿ ಕಂದು ಹಾಕಿದರೆ (ಗರ್ಭಪಾತವಾದರೆ) ರೋಸ್ ಬೆಂಗಾಲ್ ಎಂಬ ರಕ್ತದ ಟೆಸ್ಟ್ ಮಾಡಿ ಕಂದು ರೋಗದ ಸುಳಿವು ಹಿಡಿಯಬಹುದು. ಆದರೆ ಆ ರೋಗ ತರುವ ಬ್ರುಸೆಲ್ಲಾ ಬ್ಯಾಕ್ಟೀರಿಯಾದಲ್ಲಿ ಹಲವು ಪ್ರಭೇದಗಳಿವೆ, ಬಂದಿರುವುದು ಯಾವ ಬ್ರುಸೆಲ್ಲಾ ಅಂತ ಆ ಟೆಸ್ಟ್ ಹೇಳುವುದಿಲ್ಲ. ಕೋಲಾರದ ಕಡೆಯ ಒಂದು ಕೊಟ್ಟಿಗೆಯಿಂದ ನಮ್ಮ ಲ್ಯಾಬ್‌ಗೆ ಮಾದರಿ ಬಂದಾಗ ಮಾಲೀಕರಿಗೆ ಬೇಕಿದ್ದುದು ಅದೇ ಉತ್ತರ. ಕರುಗಳಿಗೆ ಕಂದು ರೋಗದ ಎಸ್‌19 ಲಸಿಕೆ ಹಾಕಿಸಿದ ಕೆಲವೇ ವಾರಕ್ಕೆ ಹಸು ಕಂದು ಹಾಕಿತ್ತು, ಪಕ್ಕದಲ್ಲೇ ಕುರಿಗಳೂ ಇದ್ದವು. ಎಸ್‌19 ಜೀವಂತ ಲಸಿಕೆ, ಹಸುವಿನ ಬ್ರುಸೆಲ್ಲಾದ್ದೇ ದುರ್ಬಲ ತಳಿ. ಗಬ್ಬದ ಹಸುವಿಗೆ ಹೋದರೆ ಕಂದು ಹಾಕಿಸಬಲ್ಲದು. ಹಾಗಾಗಿ ಲಸಿಕೆಯಿಂದಲೋ ಕುರಿಗಳಿಂದಲೋ ಹೀಗಾಯಿತೇನೋ ಎಂಬ ಅವರ ಅನುಮಾನವನ್ನು ಸುಮ್ನೆ ತಳ್ಳಿಹಾಕುವಂತಿರಲಿಲ್ಲ.

ನಾನು ಮೊದಲು ಕೇಳುವುದು ಸತ್ತ ಕರುವಿನ ಹೊಟ್ಟೆಯೊಳಗಿನ ದ್ರವವನ್ನು. ಮಾಸು ನೆಲಕ್ಕೆ ಬಿದ್ದು ಸಗಣಿ ಮೆತ್ತಿಕೊಂಡಿರುತ್ತದೆ, ಅದರಲ್ಲಿ ಬೇರೆ ಬ್ಯಾಕ್ಟೀರಿಯಾ ಜಾಸ್ತಿ. ಇದು ಮನುಷ್ಯರಿಗೂ ಅಂಟುವ ರೋಗ, ದಯವಿಟ್ಟು ಬರಿಗೈಯಲ್ಲಿ ಕರು ಎಳೆಯಬೇಡಿ. ಲ್ಯಾಬ್‌ನಲ್ಲಿ ಬೆಳೆಸುವುದು ಬಿಎಸ್‌ಎಲ್-3 ಎಂಬ ಬಿಗಿ ಸುರಕ್ಷತೆಯ ಕೋಣೆಯಲ್ಲೇ. ಕೆಲವು ದಿನ ಕಾದ ಮೇಲೆ ತಟ್ಟೆಯನ್ನು ಬೆಳಕಿಗೆ ಹಿಡಿದರೆ ತೆಳು ಜೇನಿನ ಬಣ್ಣದ ಪುಟ್ಟ ಪುಟ್ಟ ಕಾಲನಿಗಳು ಕಾಣುತ್ತವೆ.

ಬ್ರುಸೆಲ್ಲಾ ಪ್ರಭೇದಗಳ ಡಿಎನ್‌ಎ ಶೇ 90ಕ್ಕಿಂತ ಜಾಸ್ತಿ ಒಂದೇ ಥರ ಇರುತ್ತದೆ. ಅದಕ್ಕೇ ಬ್ಯಾಕ್ಟೀರಿಯಾ ಗುರುತಿಸಲು ಎಲ್ಲರೂ ಬಳಸುವ 16ಎಸ್ ಜೀನ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ನಾನು ಬ್ರೂಸ್-ಲ್ಯಾಡರ್ ಪಿಸಿಆರ್ ಮಾಡಿದೆ, ಅಂದರೆ ಡಿಎನ್‌ಎಯ ಆಯ್ದ ತುಂಡುಗಳನ್ನು ನಕಲು ಮಾಡಿ ಹೆಚ್ಚಿಸುವ ಪರೀಕ್ಷೆ. ಒಂದೇ ಟ್ಯೂಬ್‌ಗೆ 8 ಜೊತೆ ಪ್ರೈಮರ್ (ಯಾವ ತುಂಡು ನಕಲಾಗಬೇಕೆಂದು ಗುರುತಿಸುವ ಚಿಕ್ಕ ಡಿಎನ್‌ಎ) ಹಾಕಿ, ಬಂದದ್ದನ್ನು ಜೆಲ್‌ನಲ್ಲಿ ಓಡಿಸುವುದು. ಅಲ್ಲಿ ತುಂಡುಗಳು ಉದ್ದದ ಪ್ರಕಾರ ಬೇರೆಯಾಗಿ ಗೆರೆಗಳಾಗಿ ಕಾಣುತ್ತವೆ. ನನಗೆ ಬೇಕಿದ್ದುದು ಎರಡೇ ಗೆರೆ. 1071 ಬೇಸ್‌ಪೇರ್‌ನ (ಡಿಎನ್‌ಎ ಉದ್ದದ ಅಳತೆ) ಗೆರೆ ಕುರಿ-ಮೇಕೆಯ ಮೆಲಿಟೆನ್ಸಿಸ್ ಪ್ರಭೇದದಲ್ಲಿ ಇರುತ್ತದೆ, ಹಸುವಿನ ಅಬಾರ್ಟಸ್ ಪ್ರಭೇದದಲ್ಲಿ ಇರುವುದಿಲ್ಲ. 587ರದ್ದು ಹೊರಗೆ ಹರಡುವ ಅಬಾರ್ಟಸ್‌ನಲ್ಲಿ ಇರುತ್ತದೆ, ಎಸ್‌19ನಲ್ಲಿ ಇರುವುದಿಲ್ಲ, ಯಾಕಂದ್ರೆ ಆ ಜಾಗದ ಡಿಎನ್‌ಎ ತುಂಡೇ ಲಸಿಕೆ ತಳಿಯಲ್ಲಿ ಕಳಚಿಹೋಗಿದೆ. ಹೋಲಿಕೆಗೆ ಪಕ್ಕದ ಲೇನ್‌ಗಳಲ್ಲಿ (ಜೆಲ್‌ನ ಸಾಲುಗಳಲ್ಲಿ) ಎಸ್‌19 ಮತ್ತು ಮೆಲಿಟೆನ್ಸಿಸ್ ಡಿಎನ್‌ಎ ಓಡಿಸದೆ ನಾನು ಯಾವ ಜೆಲ್ಲನ್ನೂ ನಂಬುವುದಿಲ್ಲ.

ಹಸುವಿನ ಲೇನ್‌ನಲ್ಲಿ 1071 ಇಲ್ಲ, 587 ಢಾಳಾಗಿ ಇದೆ. ಅಂದ್ರೆ ಲಸಿಕೆಯದೂ ಅಲ್ಲ, ಕುರಿಯಿಂದ ಬಂದ ಮೆಲಿಟೆನ್ಸಿಸ್ಸೂ ಅಲ್ಲ, ಹೊರಗೆ ಹರಡುವ ಅಬಾರ್ಟಸ್.

ಹಾಗಾದ್ರೆ ಬಂದದ್ದೆಲ್ಲಿಂದ? ಸಂತೆಯಿಂದ ತಂದ ಇನ್ನೊಂದು ಹಸುವೂ ಅದಕ್ಕೆ ಮುಂಚೆ ಕಂದು ಹಾಕಿತ್ತು, ಅದರ ಹಾಲಿನಲ್ಲೂ ಬ್ರುಸೆಲ್ಲಾ ಬೆಳೆಯಿತು. ಎರಡನ್ನೂ ಎಂಎಲ್‌ವಿಎ-16ರಲ್ಲಿ ಹೋಲಿಸಿದೆ. ಡಿಎನ್‌ಎಯ 16 ಜಾಗಗಳಲ್ಲಿ ಸಣ್ಣ ತುಣುಕುಗಳು ಎಷ್ಟು ಸಲ ಮರುಕಳಿಸುತ್ತವೆ ಅಂತ ಎಣಿಸುವ ವಿಧಾನ ಅದು. 16ಕ್ಕೆ ಹದಿನಾರೂ ಹೊಂದಿದವು. ಆದರೂ ಯಾರಿಂದ ಯಾರಿಗೆ ಹೋಯಿತು ಅಂತ ಜೀನ್ ಒಂದೇ ಹೇಳಲಾರದು. ಹಸು ಕೊಂಡ ತಾರೀಕು, ಕಂದು ಹಾಕಿದ ತಾರೀಕು ಎರಡನ್ನೂ ಮಾಲೀಕರು ಬರೆದಿಟ್ಟಿದ್ದರು, ಆ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡೇ ನಾನು ವರದಿ ಬರೆದೆ. ಸಂತೆಯ ಹಸುವನ್ನು ಬೇರೆ ಕಟ್ಟಿದರು. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಲಸಿಕೆ ನಿಲ್ಲಿಸಲಿಲ್ಲ.