ಅಮೆರಿಕದ ಹೆದ್ದಾರಿ ಬದಿಯ ಜಾಹೀರಾತು ಫಲಕಗಳು: ತೆಗೆಸುವ ಖರ್ಚು ಯಾರದು?

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯಿಂದ ಹೋಗಿ ಅಮೆರಿಕದಲ್ಲಿ ನೆಲೆಸಿರುವ ನಮ್ಮವರಿಗೆ, ರಸ್ತೆಬದಿಯ ಫಲಕವೆಂದರೆ ಪಂಚಾಯತಿನವರು ಬಂದು ಕಿತ್ತು ಕೊಂಡೊಯ್ಯುವ ಫ್ಲೆಕ್ಸಿನ ನೆನಪೇ ಮೊದಲು ಬರುತ್ತದೆ. ಅನುಮತಿಯಿಲ್ಲದೆ ನಿಲ್ಲಿಸಿದ್ದಕ್ಕೆ ಅಲ್ಲಿಯೂ ರಕ್ಷಣೆಯಿಲ್ಲ. ಆದರೆ ಕಾನೂನುಬದ್ಧವಾಗಿ ನಿಂತಿರುವ ಫಲಕವನ್ನು ಅಮೆರಿಕ ಆಸ್ತಿಯೆಂದು ಕಾಣುತ್ತದೆ. ತಲಪಾಡಿಯಿಂದ ಚೆಂಗಳದವರೆಗಿನ ಹೆದ್ದಾರಿ ಅಗಲೀಕರಣಕ್ಕೆ ಜಾಗ ಬಿಟ್ಟವರಿಗೆ ಬೆಲೆ ಕಟ್ಟಿ ಕೊಟ್ಟಂತೆ, ಅದರ ಒಡೆಯನಿಗೂ ನಷ್ಟಪರಿಹಾರ ಸಲ್ಲಬೇಕಾಗುತ್ತದೆ.

ಇದರ ಮೂಲ 1965ರ ಹೆದ್ದಾರಿ ಸೌಂದರ್ಯ ಕಾಯಿದೆ. ಅಧ್ಯಕ್ಷ ಲಿಂಡನ್ ಜಾನ್ಸನ್ ಅದಕ್ಕೆ ಆ ವರ್ಷದ ಅಕ್ಟೋಬರ್ 22ರಂದು ಸಹಿ ಹಾಕಿದರು. ಅದರ ಹಿಂದಿನ ಒತ್ತಾಸೆ ಅವರ ಪತ್ನಿ ಲೇಡಿ ಬರ್ಡ್ ಅವರದು. ಅಂತರರಾಜ್ಯ ಹಾಗೂ ಪ್ರಮುಖ ಹೆದ್ದಾರಿಗಳ ಅಂಚಿನಿಂದ 660 ಅಡಿಯೊಳಗಿನ ಫಲಕಗಳನ್ನು ರಾಜ್ಯಗಳು ನಿಯಂತ್ರಿಸಬೇಕು, ತಪ್ಪಿದರೆ ಹೆದ್ದಾರಿಗೆ ಬರುವ ಕೇಂದ್ರದ ನೆರವಿನಲ್ಲಿ ಶೇಕಡಾ 10 ಕಡಿತವಾಗುತ್ತದೆ ಎಂದು ಕಾಯಿದೆ ಹೇಳುತ್ತದೆ. ವಾಣಿಜ್ಯ ಮತ್ತು ಕೈಗಾರಿಕಾ ವಲಯಗಳಲ್ಲಿ ಅಳತೆ, ಅಂತರಗಳ ನಿಯಮಕ್ಕೆ ಒಳಪಟ್ಟು ಫಲಕಗಳಿಗೆ ಅವಕಾಶವಿದೆ. ಉಳಿದೆಡೆ ತೆಗೆಸುವಾಗ ಕೊಡಬೇಕಾದ ಪರಿಹಾರದಲ್ಲಿ ಕೇಂದ್ರದ ಪಾಲು ಶೇಕಡಾ 75, ರಾಜ್ಯದ್ದು 25.

ಕೇಂದ್ರದ ಪಾಲು ಸಿಗದಿದ್ದರೆ ಫಲಕ ತೆಗೆಸುವ ಬಾಧ್ಯತೆ ರಾಜ್ಯಕ್ಕಿಲ್ಲವೆಂಬ ಮಾತೂ ಅದೇ ಕಾನೂನಿನಲ್ಲಿದೆ. ಮುಂದೆ ಆ ಹಣ ಬತ್ತಿತು, ಫಲಕಗಳು ನಿಂತಲ್ಲೇ ಉಳಿದವು. ಆದರೆ ಮೇಲ್ವಿಚಾರಣೆಯ ಕೆಲಸ ಮುಗಿಯಲಿಲ್ಲ. ಈಗಿನ ನಿಯಮಕ್ಕೆ ಹೊಂದದ ಹಳೆಯ ಫಲಕ ಬಿರುಗಾಳಿಗೆ ನೆಲಕಚ್ಚಿದರೆ ಅದನ್ನು ಮತ್ತೆ ಕಟ್ಟುವಂತಿಲ್ಲವಾದ್ದರಿಂದ, ಯಾವುದು ಬಿತ್ತು, ಯಾವುದನ್ನು ರಿಪೇರಿಯ ಹೆಸರಿನಲ್ಲಿ ಹೊಸದಾಗಿಯೇ ನಿಲ್ಲಿಸಿದರು ಎಂದು ರಾಜ್ಯದ ಸಾರಿಗೆ ಇಲಾಖೆಯವರು ರಸ್ತೆಯುದ್ದಕ್ಕೂ ಹೋಗಿ ನೋಡಬೇಕು. ಪರವಾನಗಿ ಶುಲ್ಕ ಈ ತಪಾಸಣೆಗೂ ನ್ಯಾಯಾಲಯದ ವೆಚ್ಚಕ್ಕೂ ಸಾಲದಿದ್ದರೆ ಕೊರತೆಯನ್ನು ತುಂಬುವುದು ತೆರಿಗೆಯ ಹಣ. ಸಾರ್ವಜನಿಕರು ಕಟ್ಟಿಸಿದ ರಸ್ತೆಯಿಂದಲೇ ಬೆಲೆ ಪಡೆದ ಫಲಕಕ್ಕೆ ಸಾರ್ವಜನಿಕರೇ ಮತ್ತೊಮ್ಮೆ ಬೆಲೆ ತೆರುವುದು ನನಗೆ ನ್ಯಾಯವೆಂದು ತೋರುವುದಿಲ್ಲ.

ನಗರಗಳು ಮೊದಲು ಬೇರೊಂದು ದಾರಿ ಹಿಡಿದಿದ್ದವು: ಕೆಲವು ವರ್ಷಗಳ ಗಡುವು ಕೊಟ್ಟು, ಅಷ್ಟರಲ್ಲಿ ಹಾಕಿದ ಬಂಡವಾಳ ಹುಟ್ಟಿತೆಂದು ಎಣಿಸಿ, ನಗದು ಕೊಡದೆ ತೆಗೆಸುವುದು. 1978ರ ತಿದ್ದುಪಡಿ ಈ ಹೆದ್ದಾರಿಗಳ ಮಟ್ಟಿಗೆ ಆ ದಾರಿಯನ್ನು ಮುಚ್ಚಿತು. ವರ್ಮಾಂಟ್, ಮೇನ್, ಹವಾಯಿ, ಅಲಾಸ್ಕಾ ರಾಜ್ಯಗಳು ಮಾತ್ರ ಇಂತಹ ಫಲಕಗಳನ್ನೇ ನಿಷೇಧಿಸಿವೆ.

ನಿಮ್ಮ ಅಂಗಡಿಯ ಜಾಗದಲ್ಲಿ ನಿಮ್ಮದೇ ವ್ಯಾಪಾರದ ಹೆಸರು ಹಾಕಿಕೊಳ್ಳುವುದಕ್ಕೆ ಕೇಂದ್ರದ ಈ ನಿರ್ಬಂಧವಿಲ್ಲ, ನಗರದ ನಿಯಮ ಮಾತ್ರ ನೋಡಿಕೊಳ್ಳಬೇಕು. ಜಾಗ ಕೊಳ್ಳುವಾಗ ಅದರಲ್ಲಿ ಫಲಕವಿದ್ದರೆ ಅದರ ಗುತ್ತಿಗೆ ಪತ್ರವನ್ನು ತಪ್ಪದೆ ಓದಿರಿ. ಹೊಸ ಫಲಕಕ್ಕಾಗಲಿ, ಹಳೆಯದನ್ನು ಡಿಜಿಟಲ್ ಮಾಡುವುದಕ್ಕಾಗಲಿ ಅರ್ಜಿ ಬಂದು ನಗರಸಭೆಯಲ್ಲಿ ಸಾರ್ವಜನಿಕ ವಿಚಾರಣೆ ನಡೆದರೆ, ಮುಂದೆ ರಸ್ತೆ ಅಗಲಿಸುವಾಗ ಇದನ್ನು ತೆಗೆಸಲು ಎಷ್ಟು ಕೊಡಬೇಕಾದೀತು ಎಂದು ಅಲ್ಲಿಯೇ ಎದ್ದು ಕೇಳಿರಿ. ಪರವಾನಗಿ ಕೈಸೇರಿದ ಮೇಲೆ ಅದೇ ಪ್ರಶ್ನೆಗೆ ಉತ್ತರ ಪರಿಹಾರದ ಲೆಕ್ಕದಲ್ಲಿ ಸಿಗುತ್ತದೆ.