ಪರಿಷ್ಕೃತ ಜಿಮ್ಯಾಟ್: ಯಾವ ಪ್ರಶ್ನೆಯನ್ನು ಬುಕ್‌ಮಾರ್ಕ್ ಮಾಡಬೇಕು?

ಎಂಬಿಎಯಂಥ ಮ್ಯಾನೇಜ್‌ಮೆಂಟ್ ಕೋರ್ಸ್‌ಗಳ ಪ್ರವೇಶ ಪರೀಕ್ಷೆಯಾದ ಪರಿಷ್ಕೃತ ಜಿಮ್ಯಾಟ್‌ನ ಅಭ್ಯಾಸ ಪರೀಕ್ಷೆಗಳಲ್ಲಿ, ಎರಡು ಆಯ್ಕೆಗಳ ನಡುವೆ ಅನುಮಾನ ಉಳಿದ ಪ್ರಶ್ನೆಗಳನ್ನು ಮಾತ್ರ ಬುಕ್‌ಮಾರ್ಕ್ ಮಾಡಿ, ಅಂದರೆ ಮತ್ತೆ ನೋಡಲೆಂದು ಗುರುತಿಸಿಡಿ. ದಾರಿಯೇ ತೋಚದ ಪ್ರಶ್ನೆಗೆ ಊಹೆಯ ಉತ್ತರ ಕೊಟ್ಟು, ಗುರುತು ಹಾಕದೆ ಮುಂದೆ ಸಾಗಿ. 45 ನಿಮಿಷಗಳ ಪ್ರತಿ ವಿಭಾಗದಲ್ಲಿ ಎಷ್ಟು ಪ್ರಶ್ನೆಗಳನ್ನು ಬೇಕಾದರೂ ಗುರುತಿಸಿಡಬಹುದು, ಆದರೆ ಬದಲಿಸಲು ಸಾಧ್ಯವಿರುವುದು ಗರಿಷ್ಠ 3 ಉತ್ತರಗಳನ್ನು ಮಾತ್ರ, ಅದೂ ಕೊನೆಯ ಪ್ರಶ್ನೆಗೆ ಉತ್ತರಿಸಿದ ಮೇಲೆ ಸಮಯ ಉಳಿದಿದ್ದರೆ. ಆ ಕೆಲವೇ ನಿಮಿಷಗಳು ಅರ್ಧ ಬಿಡಿಸಿದ ಪ್ರಶ್ನೆಗೆ ಸಾಕಾಗುತ್ತವೆಯೇ ಹೊರತು ಮೊದಲಿನಿಂದ ಆರಂಭಿಸಬೇಕಾದುದಕ್ಕಲ್ಲ. (ಅನುಮಾನದ ಆಯ್ಕೆಗಳನ್ನು ಪ್ರಶ್ನೆಯ ಸಂಖ್ಯೆಯೊಡನೆ ಕಚ್ಚಾ ಲೆಕ್ಕದ ಬೋರ್ಡಿನಲ್ಲಿ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.) ವಿಭಾಗವನ್ನು ಸಮಯದೊಳಗೆ ಮುಗಿಸಲಾಗದವರಿಗೆ ಈ ಉಪಾಯ ಫಲಿಸದು, ಉತ್ತರಿಸದೆ ಉಳಿದ ಪ್ರಶ್ನೆಗಳಿಂದ ಅಂಕ ಕುಗ್ಗುವುದರಿಂದ, ಅಂಥವರು ಮೊದಲು ವೇಗವನ್ನೇ ಸರಿಪಡಿಸಿಕೊಳ್ಳಬೇಕು.